ಹಳೆಯ ತಟ್ಟೆಯ ಕರಕರ ಕಳೆಯುವುದು ಹೇಗೆ?

(ಮನೆಯಲ್ಲಿರುವ ಗ್ರಾಮಫೋನ್ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕುರಿತ ಉಪನ್ಯಾಸದ ಪಠ್ಯ)



ಎಲ್ಪಿ ತಟ್ಟೆಯ ಒಂದು ಬದಿಯಲ್ಲಿ ಎಷ್ಟು ಗೀರುಗಳಿರುತ್ತವೆ? ನೂರು ಎನ್ನುವವರಿದ್ದಾರೆ, ಸಾವಿರ ಎನ್ನುವವರಿದ್ದಾರೆ. ಸರಿಯಾದ ಉತ್ತರ ಒಂದು. ಹೊರ ಅಂಚಿನಲ್ಲಿ ಹೊರಟ ಒಂದೇ ಗೀರು ಸುರುಳಿ ಸುತ್ತುತ್ತ ನಡುವಿನ ಲೇಬಲ್ಲಿನವರೆಗೆ ಬರುತ್ತದೆ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಇಪ್ಪತ್ತು ನಿಮಿಷದ ಒಂದು ಬದಿಗೆ ಸುಮಾರು 667 ಸುತ್ತು. ಆ ಸುರುಳಿಯನ್ನು ಬಿಡಿಸಿ ನೇರವಾಗಿ ಹಾಸಿದರೆ 400 ಮೀಟರಿಗೂ ಮಿಕ್ಕಿದ ಉದ್ದ, ಅಂದರೆ ಓಟದ ಮೈದಾನಕ್ಕೆ ಒಂದು ಸುತ್ತು ಹಾಕಿದಷ್ಟು. ಅಗಲ ಮಾತ್ರ ಹೆಚ್ಚುಕಡಿಮೆ ಒಂದು ಕೂದಲೆಳೆಯಷ್ಟು!

ಈ ಕಿರಿದಾದ ಓಣಿಯ ಎರಡೂ ಗೋಡೆಗಳ ಮೇಲೆ ಹಾಡು ಉಬ್ಬುತಗ್ಗುಗಳ ರೂಪದಲ್ಲಿ ಕೆತ್ತಿಕೊಂಡಿರುತ್ತದೆ. ವಜ್ರದ ಮುಳ್ಳು ಅದರೊಳಗೆ ಓಡುತ್ತ ಗೋಡೆಯನ್ನು ಓದುತ್ತದೆ. ಹಾಡು ಯಾವುದು, ಕಸ ಯಾವುದು ಎಂಬುದು ಮುಳ್ಳಿಗೆ ತಿಳಿಯದು. ಕಣ್ಣಿಗೆ ಕಾಣದ ಧೂಳಿನ ಕಣವೂ ಆ ಓಣಿಯಲ್ಲಿ ಒಂದು ಬಂಡೆ. ಮುಳ್ಳು ಅದಕ್ಕೆ ಬಡಿದಾಗ ಕೇಳಿಸುವುದೇ ಆ ಪರಿಚಿತ 'ಟಪ್'. ಅಂಥ ನೂರಾರು ಕಣಗಳು ಸೇರಿದರೆ ಬಾಣಲೆಯಲ್ಲಿ ಸಾಸಿವೆ ಸಿಡಿದಂಥ ಸದ್ದು.

ಈಗ ಅಟ್ಟದ ಮೇಲಿದ್ದ ಪೆಟ್ಟಿಗೆ ಇಳಿಸಿ, ಅಜ್ಜನ ಕಾಲದ ತಟ್ಟೆಗಳನ್ನು ಕಂಪ್ಯೂಟರಿಗೆ ತುಂಬಿಕೊಳ್ಳುವ ಉತ್ಸಾಹ ಹಲವರಲ್ಲಿ ಮೂಡಿದೆ. ಸಂತೋಷದ ಸಂಗತಿ. ಪಿ. ಕಾಳಿಂಗರಾಯರ ಭಾವಗೀತೆ, ಮಲ್ಲಿಕಾರ್ಜುನ ಮನ್ಸೂರರ ಗಾಯನ, ನಾಟಕದ ಹಾಡುಗಳು, ನಾಲ್ಕು ಚಿತ್ರಗೀತೆಗಳ ಪುಟ್ಟ ಇ.ಪಿ. ತಟ್ಟೆಗಳು – ಹೀಗೆ ಕನ್ನಡದ ಮನೆಗಳಲ್ಲಿ ಏನೇನೋ ಉಳಿದಿದೆ. ಇವುಗಳ ಪೈಕಿ ಕ್ಯಾಸೆಟ್ಟಿಗೂ ಬಾರದೆ, ಸಿ.ಡಿ.ಗೂ ಬಾರದೆ ತಟ್ಟೆಯಲ್ಲೇ ನಿಂತುಹೋದವು ಎಷ್ಟೋ. ಆದರೆ ಈ ಕೆಲಸಕ್ಕೆ ಕೈಹಾಕುವವರಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ತಟ್ಟೆ ಹೇಗೇ ಇರಲಿ, ಒಮ್ಮೆ ಒಳಗೆ ಹೋದರೆ ಸಾಕು, ಕರಕರ ಸದ್ದನ್ನು ಕಂಪ್ಯೂಟರ್ ತೆಗೆದುಬಿಡುತ್ತದೆ ಎಂಬುದು ಆ ನಂಬಿಕೆ. ವಾಸ್ತವದಲ್ಲಿ ಕೆಲಸದ ಬಹುಪಾಲು ಮುಗಿಯಬೇಕಾದದ್ದು ಮುಳ್ಳು ತಟ್ಟೆಗೆ ತಾಗುವ ಮೊದಲೇ.

ಮೊದಲನೆಯದಾಗಿ, ತೊಳೆಯುವುದು. ಪಂಚೆಯ ಚುಂಗಿನಿಂದ ತಟ್ಟೆ ಒರೆಸುವುದು ಒಂದು ಕಾಲದಲ್ಲಿ ಮನೆಮನೆಯ ಪದ್ಧತಿಯಾಗಿತ್ತು. ಒಣಬಟ್ಟೆಯಿಂದ ತಿಕ್ಕಿದರೆ ಧೂಳು ಹೋಗುವುದಿಲ್ಲ. ಗೀರಿನ ತಳಕ್ಕೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಜೊತೆಗೆ ವಿನೈಲ್ ಪ್ಲಾಸ್ಟಿಕ್ ಉಜ್ಜಿದಾಗ ಸ್ಥಿರವಿದ್ಯುತ್ ಹುಟ್ಟಿ, ಕೋಣೆಯಲ್ಲಿದ್ದ ಧೂಳನ್ನೆಲ್ಲ ತಟ್ಟೆಯೇ ಎಳೆದುಕೊಳ್ಳುತ್ತದೆ. ಚಳಿಗಾಲದ ಒಣಹವೆಯಲ್ಲಿ ಈ ಕಾಟ ಹೆಚ್ಚು. ಮಳೆಗಾಲದಲ್ಲಿ ಕಡಿಮೆ, ಆದರೆ ಆಗ ಮಲೆನಾಡು-ಕರಾವಳಿಯವರಿಗೆ ಬೂಷ್ಟಿನ ಚಿಂತೆ.

ಹಾಗಾದರೆ ಏನು ಮಾಡಬೇಕು? ಮೇಲ್ಮೈಯ ಸಡಿಲ ಧೂಳನ್ನು ಕಾರ್ಬನ್ ಎಳೆಗಳ ಮೃದು ಬ್ರಷ್ಷಿನಿಂದ ಗೀರಿನ ಗುಂಟ, ಸುತ್ತು ಸುತ್ತಾಗಿ ತೆಗೆಯಬೇಕು. ಅಡ್ಡಡ್ಡ ಎಳೆಯಬಾರದು. ಆಮೇಲೆ ಡಿಸ್ಟಿಲ್ಡ್ ವಾಟರಿಗೆ ಸುವಾಸನೆಯಿಲ್ಲದ ಸೌಮ್ಯ ದ್ರವ ಸೋಪಿನ ಒಂದೆರಡು ಹನಿ ಬೆರೆಸಿ, ಮೃದುವಾದ ವೆಲ್ವೆಟ್ ಬಟ್ಟೆಯಿಂದ ಅದೇ ರೀತಿ ಸುತ್ತಾಗಿ ಒರೆಸಬೇಕು. ನಂತರ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ಒರೆಸಿ ಸೋಪಿನ ಅಂಶ ಕಳೆಯಬೇಕು. ನಲ್ಲಿ ನೀರು ಬೇಡ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುವ ಬಿಳಿಯ ಹಕ್ಕಳೆಯನ್ನು ಯಾರು ನೋಡಿಲ್ಲ? ನೀರು ಆರಿದ ಮೇಲೆ ಅದೇ ಲವಣ ಗೀರಿನಲ್ಲಿ ಉಳಿದು ಹೊಸ ಸದ್ದು ಹುಟ್ಟಿಸುತ್ತದೆ. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಗಳಲ್ಲಿ ಸಿಗುತ್ತದೆ. ಆಸಿಡ್ ಬೆರೆಸಿದ್ದಲ್ಲವೆಂದು ಚೀಟಿ ಓದಿ ತರಬೇಕು, ಅಷ್ಟೆ. ನಡುವಿನ ಕಾಗದದ ಲೇಬಲ್ ಒದ್ದೆಯಾಗಬಾರದು. ಒಣಗಿಸಲು ಬಿಸಿಲಿಗಿಟ್ಟರೆ ತಟ್ಟೆ ಸೊಟ್ಟಗಾಗುತ್ತದೆ. ನೆರಳಿನಲ್ಲಿ ನಿಲ್ಲಿಸಿಡುವುದಕ್ಕೆ ಅಡುಗೆಮನೆಯ ತಟ್ಟೆ ಸ್ಟ್ಯಾಂಡು ಬಹಳ ಅನುಕೂಲ. ಮನೆಯೊಡತಿಯ ಒಪ್ಪಿಗೆ ಇದ್ದರೆ!

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಇಷ್ಟು ಹೇಳಿದ್ದು 1948ರಲ್ಲಿ ಬಳಕೆಗೆ ಬಂದ ವಿನೈಲ್ ಎಲ್ಪಿಗಳಿಗೆ, ನಂತರ ಬಂದ 45 ವೇಗದ ಪುಟ್ಟ ತಟ್ಟೆಗಳಿಗೆ. ಅಜ್ಜನ ಕಾಲದ, ಕೈಜಾರಿದರೆ ಒಡೆಯುವ 78 ವೇಗದ ತಟ್ಟೆಗಳು ಅರಗಿನಿಂದ ಮಾಡಿದವು. ಬಳೆಗೂ ಮುದ್ರೆಗೂ ಬಳಸುತ್ತಿದ್ದ ಅದೇ ಅರಗು. ಇದು ಆಲ್ಕೊಹಾಲಿನಲ್ಲಿ ಕರಗುತ್ತದೆ. ವಿನೈಲ್ ತೊಳೆಯಲು ಕೆಲವರು ಸ್ಪಿರಿಟ್ ಬೆರೆಸುವುದುಂಟು. ಅದೇ ದ್ರವವನ್ನು ಅರಗಿನ ತಟ್ಟೆಗೆ ಹಚ್ಚಿದರೆ ಕೊಳೆಯ ಜೊತೆಗೆ ಹಾಡೂ ಹೋಗುತ್ತದೆ, ಮತ್ತೆ ಬರುವುದಿಲ್ಲ. ಅರಗಿನ ತಟ್ಟೆಯನ್ನು ನೀರಿನಲ್ಲಿ ನೆನೆಹಾಕುವುದೂ ತಪ್ಪು. ಒದ್ದೆ ಬಟ್ಟೆಯಲ್ಲಿ ಒರೆಸಿ ಕೂಡಲೇ ಒಣಗಿಸಬೇಕು. ಬಿರುಕು ಬಿಟ್ಟಿದ್ದರೆ ನೀರು ಮುಟ್ಟಿಸದಿರುವುದೇ ಕ್ಷೇಮ.

ಎರಡನೆಯದು ಮುಳ್ಳು. ಎಲ್ಪಿಯ ಮುಳ್ಳಿನ ತುದಿಯ ದುಂಡು ಸುಮಾರು 18 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತನೇ ಒಂದು ಭಾಗಕ್ಕೂ ಕಡಿಮೆ. 78ರ ಗೀರು ಅಗಲವಾದದ್ದು. ಅದಕ್ಕೆ ನಾಲ್ಕು ಪಟ್ಟು ದಪ್ಪನೆಯ ಮುಳ್ಳು ಬೇಕು. ಎಲ್ಪಿಯ ಮುಳ್ಳಿನಲ್ಲಿ 78 ನುಡಿಸಿದರೆ ಅದು ಗೋಡೆಯನ್ನು ಬಿಟ್ಟು ತಳದ ಕೊಳೆಯಲ್ಲಿ ಹೊರಳಾಡುತ್ತದೆ. ಸದ್ದೇ ಹೆಚ್ಚು, ಹಾಡು ಕಡಿಮೆ. ಇನ್ನು ವಜ್ರವೆಂದ ಮಾತ್ರಕ್ಕೆ ಸವೆಯದೆಂದಲ್ಲ. 500ರಿಂದ 1000 ಗಂಟೆ ಓಡಿದ ಮೇಲೆ ಬದಲಿಸಬೇಕೆಂಬುದು ಸಾಮಾನ್ಯ ಲೆಕ್ಕ. ಸವೆದ ಮುಳ್ಳು ಹಾಡನ್ನು ಕೆಡಿಸಿ ಓದುವುದಷ್ಟೇ ಅಲ್ಲ, ತಟ್ಟೆಯನ್ನೂ ಉಳಿ ಹಾಕಿದಂತೆ ಕೊರೆಯುತ್ತದೆ. ಅಂಗಡಿಗಳಲ್ಲಿ ಈಗ ಕಾಣುವ, ಸೂಟ್‌ಕೇಸಿನಂಥ ಅಗ್ಗದ ಪ್ಲೇಯರುಗಳ ತೊಂದರೆ ಇದೇ. ಒಳ್ಳೆಯ ಟರ್ನ್‌ಟೇಬಲ್ಲಿನ ಮುಳ್ಳು ಒಂದೂವರೆ-ಎರಡು ಗ್ರಾಂ ಭಾರ ಹಾಕುವ ಕಡೆ ಇವು ಅದರ ಎರಡು ಮೂರು ಪಟ್ಟು ಭಾರ ಹಾಕುವುದುಂಟು. ಉಳಿಸಲು ಹೊರಟ ತಟ್ಟೆಗೆ ಇಂಥದ್ದು ಸಲ್ಲದು.

ತಟ್ಟೆಯೂ ಮುಳ್ಳೂ ಸರಿಯಾದವು ಎಂದುಕೊಳ್ಳಿ. ಮುಳ್ಳಿನಿಂದ ಹೊರಡುವ ವಿದ್ಯುತ್ತು ವೋಲ್ಟಿನ ಸಾವಿರದಲ್ಲಿ ಐದು ಭಾಗದಷ್ಟು, ತೀರಾ ಕ್ಷೀಣ. ಮೇಲಾಗಿ ಎಲ್ಪಿ ಕೆತ್ತುವಾಗಲೇ ಒಂದು ಉಪಾಯ ಮಾಡಿರುತ್ತಾರೆ. ತಗ್ಗು ಸ್ವರಗಳನ್ನು ಕುಗ್ಗಿಸಿ, ಏರು ಸ್ವರಗಳನ್ನು ಹಿಗ್ಗಿಸಿ ಕೆತ್ತುತ್ತಾರೆ. ಹಾಗೆ ಮಾಡದಿದ್ದರೆ ಮೃದಂಗದ ಗುಂಕಿಗೆ ಗೀರು ಪಕ್ಕದ ಗೀರಿಗೆ ನುಗ್ಗೀತು. ಹಾಡುವಾಗ ಅದನ್ನು ತಿರುಗುಮುರುಗು ಮಾಡಿ ಸರಿದೂಗಿಸಬೇಕು. ಏರು ಸ್ವರವನ್ನು ಇಳಿಸಿದಾಗ ತಟ್ಟೆಯ 'ಹಿಸ್' ಎಂಬ ಸದ್ದೂ ಇಳಿಯುತ್ತದೆ ಎಂಬುದು ಇದರ ಸೊಗಸು. 1954ರ ಸುಮಾರಿಗೆ ಅಮೆರಿಕದ ಧ್ವನಿಮುದ್ರಣ ಉದ್ಯಮ ಈ ಲೆಕ್ಕಕ್ಕೆ ಒಂದು ಮಾನಕ ಗೊತ್ತುಮಾಡಿತು. ಈ ಕೆಲಸ ಮಾಡುವ ಪುಟ್ಟ ಪೆಟ್ಟಿಗೆಯೇ ಫೋನೊ ಪ್ರೀಆಂಪ್. ಅದಿಲ್ಲದೆ ನೇರವಾಗಿ ಕಂಪ್ಯೂಟರಿನ ಮೈಕ್ ತೂತಿಗೆ ತಂತಿ ಸಿಕ್ಕಿಸಿದವರು, ಹಾಡು ತಗಡು ಬಡಿದಂತೆ ಬರುತ್ತಿದೆ ಎಂದು ತಟ್ಟೆಯನ್ನು ದೂರುತ್ತಾರೆ.

'ಗುಂಯ್' ಎಂಬ ಸದ್ದು ಬಂದರೆ ಅದು ಬಹುಮಟ್ಟಿಗೆ ಮನೆಯ ಕರೆಂಟಿನದು, ಸೆಕೆಂಡಿಗೆ 50 ಆವರ್ತನದ್ದು. ಟರ್ನ್‌ಟೇಬಲ್ಲಿನ ಹಿಂದಿರುವ ಸಣ್ಣ ಅರ್ಥ್ ತಂತಿಯನ್ನು ಪ್ರೀಆಂಪಿಗೆ ಬಿಗಿದರೆ ಎಷ್ಟೋ ವೇಳೆ ನಿಲ್ಲುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಬೇಕು. ಫ್ರಿಜ್ ಹೊತ್ತಿಕೊಂಡಾಗ, ಪಕ್ಕದ ಮನೆಯ ಮಿಕ್ಸಿ ತಿರುಗಿದಾಗ ಬರುವ ಚಿಟಿಲ್ ಸದ್ದನ್ನು ಧೂಳಿನದೆಂದು ಭಾವಿಸಿ ತಟ್ಟೆಯನ್ನು ಮೂರು ಮೂರು ಸಲ ತೊಳೆಯುವುದು ವ್ಯರ್ಥ. ರೆಕಾರ್ಡ್ ಮಾಡುವಾಗ ಸ್ಪೀಕರ್ ಆರಿಸಿರಬೇಕು. ಅದರ ಕಂಪನ ಮೇಜಿನ ಮೂಲಕ ಮುಳ್ಳಿಗೆ ಮರಳಿ ತಲುಪುತ್ತದೆ.

ರೆಕಾರ್ಡ್ ಮಾಡುವ ಮಟ್ಟವೂ ಮುಖ್ಯ. ಹಾಡಿನ ಅತಿ ಜೋರಾದ ಭಾಗವೂ ಮೇಲ್ಮಿತಿಗಿಂತ ಆರು ಡೆಸಿಬೆಲ್ ಕೆಳಗಿದ್ದರೆ ಒಳ್ಳೆಯದು. ಮಿತಿ ದಾಟಿ ಕತ್ತರಿಸಿಹೋದ ಸ್ವರವನ್ನು ಇದ್ದಂತೆಯೇ ಮರಳಿ ತರಲು ಯಾವ ತಂತ್ರಾಂಶಕ್ಕೂ ಆಗದು. ಸಂಗ್ರಹಾಲಯಗಳು ಒಪ್ಪುವ 24 ಬಿಟ್, 96 ಕಿಲೊಹರ್ಟ್ಸ್ ಅಳತೆಯಲ್ಲಿ ನಲವತ್ತು ನಿಮಿಷದ ಎಲ್ಪಿಗೆ ಸುಮಾರು 1.4 ಗಿಗಾಬೈಟ್ ಜಾಗ ಬೇಕು. ಎಂಪಿ3 ಮಾಡಿದರೆ 40 ಮೆಗಾಬೈಟಿನೊಳಗೆ ಮುಗಿದೀತು. ಆದರೆ ಅದು ಕೇಳಲಿಕ್ಕೆ, ಕಾಪಿಡಲಿಕ್ಕಲ್ಲ.

ಈಗ ತಂತ್ರಾಂಶದ ಮಾತು. 2000ನೇ ಇಸವಿಯಲ್ಲಿ ಮೊದಲು ಬಿಡುಗಡೆಯಾದ, ಪುಕ್ಕಟೆ ಸಿಗುವ ಆಡಾಸಿಟಿಯಂಥ ತಂತ್ರಾಂಶಗಳು ಬಹಳಷ್ಟು ಮಾಡಬಲ್ಲವು. ಎಲ್ಲಕ್ಕಿಂತ ಸರಳವಾದದ್ದು, ಆದರೂ ಹಲವರು ಮಾಡದಿರುವುದು ಒಂದಿದೆ. ಹಳೆಯ ತಟ್ಟೆಗಳು ಬಹುಪಾಲು ಮೊನೊ. ಅವುಗಳಲ್ಲಿ ಹಾಡು ಇರುವುದು ಮುಳ್ಳಿನ ಎಡಬಲದ ಚಲನೆಯಲ್ಲಿ ಮಾತ್ರ. ಮುಳ್ಳು ಮೇಲೆ ಕೆಳಗೆ ಕುಪ್ಪಳಿಸಿದರೆ ಅದು ಬರೀ ಕೊಳೆಯ, ಸವಕಳಿಯ ಸದ್ದು. ಸ್ಟೀರಿಯೊ ಕಾರ್ಟ್ರಿಜ್ಜಿನಲ್ಲಿ ನುಡಿಸಿ, ಎಡ-ಬಲ ಎರಡೂ ಧಾರೆಗಳನ್ನು ಕೂಡಿಸಿ ಒಂದು ಮಾಡಿದರೆ ಆ ಕುಪ್ಪಳಿಕೆಯ ಸದ್ದು ತಂತಾನೇ ಒಂದಕ್ಕೊಂದು ವಜಾ ಆಗುತ್ತದೆ, ಹಾಡಿಗೆ ಒಂದಿಷ್ಟೂ ಪೆಟ್ಟಾಗದೆ.

ಅದರಾಚೆಗೆ ಜಾಗ್ರತೆ ಬೇಕು. 'ಟಪ್' ತೆಗೆಯುವ ಸಾಧನ ಮಾಡುವುದಿಷ್ಟೆ: ಚುರುಕಾಗಿ ಎದ್ದು ಬಿದ್ದ ಸದ್ದನ್ನು ಗುರುತಿಸಿ, ಆ ಕ್ಷಣವನ್ನು ಕತ್ತರಿಸಿ, ಅಕ್ಕಪಕ್ಕದ ಧ್ವನಿಯಿಂದ ತೇಪೆ ಹಾಕುವುದು. ಮೃದಂಗದ ಚಾಪೂ, ತಬಲಾದ ಕಿನಾರೆಯ ಪೆಟ್ಟೂ ಚುರುಕಾಗಿಯೇ ಏಳುತ್ತವೆ. ಸಾಧನವನ್ನು ಬಿಗಿ ಮಾಡಿದಷ್ಟೂ ಪೆಟ್ಟುಗಳು ಮೊಂಡಾಗುತ್ತವೆ.

'ಹಿಸ್' ತೆಗೆಯುವ ಸಾಧನದ ಕಥೆ ಇನ್ನೂ ಸೂಕ್ಷ್ಮ. ಅದಕ್ಕೆ ಬರೀ ಸದ್ದಿರುವ ತುಣುಕೊಂದನ್ನು ಮಾದರಿಯಾಗಿ ತೋರಿಸಬೇಕು. ಹಾಡು ಶುರುವಾಗುವ ಮುಂಚಿನ ಎರಡು ಸೆಕೆಂಡನ್ನು ಆರಿಸಿಕೊಳ್ಳುವುದು ರೂಢಿ. ಶಾಸ್ತ್ರೀಯ ಸಂಗೀತದ ತಟ್ಟೆಯಲ್ಲಿ ಇದೇ ಬೋನು. ಗಾಯಕರು ಬಾಯಿ ತೆರೆಯುವ ಮೊದಲೇ ತಂಬೂರಿ ಮೀಟುತ್ತಿರುತ್ತದೆ! ಯಂತ್ರ ತಂಬೂರಿಯನ್ನೇ ಗದ್ದಲವೆಂದು ತಿಳಿದು ಇಡೀ ಹಾಡಿನಿಂದ ಅಳಿಸತೊಡಗುತ್ತದೆ. ಶ್ರುತಿಯ ಝೇಂಕಾರ ಹೋಗಿ ಕಂಠವೊಂದೇ ನೀರೊಳಗಿಂದ ಬಂದಂತೆ ಉಳಿಯುತ್ತದೆ. ಮಾದರಿಯನ್ನು ತಂಬೂರಿಗೂ ಮುಂಚಿನ ಖಾಲಿ ಗೀರಿನಿಂದಲೇ ಆರಿಸಬೇಕು. ಕನ್ನಡದ ಶ, ಷ, ಸಗಳೂ 'ಹಿಸ್'ನ ಬಂಧುಗಳೇ. ಅತಿಯಾಗಿ ಶುದ್ಧ ಮಾಡಿದ ಹಾಡಿನಲ್ಲಿ ಸಾಹಿತ್ಯ ತೊದಲುತ್ತದೆ.

ಎಷ್ಟು ತೆಗೆದರೆ ಸರಿ ಎಂದು ತಿಳಿಯಲು ಒಂದು ಒಳ್ಳೆಯ ಪರೀಕ್ಷೆ ಇದೆ. ಉಳಿದದ್ದನ್ನಲ್ಲ, ತೆಗೆದುಹಾಕಿದ್ದನ್ನೇ ಕೇಳಬೇಕು. ಆಡಾಸಿಟಿಯಲ್ಲಿ ಅದಕ್ಕೆ ಅನುಕೂಲವಿದೆ. ತೆಗೆದ ಕಸದಲ್ಲಿ ಕಂಠವೋ ಪಿಟೀಲೋ ಕೇಳಿಸಿದರೆ ಒಂದು ಹೆಜ್ಜೆ ಹಿಂದೆ ಸರಿಯಬೇಕು.

ತಟ್ಟೆಯ ಕೊನೆಯನ್ನೂ ಅವಸರದಲ್ಲಿ ಕತ್ತರಿಸಬಾರದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ತಟ್ಟೆಗಳ ತುದಿಯಲ್ಲಿ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುವುದು ಕೇಳಿಸುತ್ತದೆ. ಆಗ ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಲಿ ಎಂಬ ಉದ್ದೇಶವಿತ್ತೆನ್ನುತ್ತಾರೆ. ಹಾಡು ಮುಗಿಯಿತೆಂದು ಅಲ್ಲಿಗೇ ಕತ್ತರಿ ಹಾಕಿದರೆ ಚರಿತ್ರೆಯ ಆ ತುಣುಕು ಹೋದಂತೆಯೇ.

ಆದ್ದರಿಂದ ಮುಳ್ಳು ಓದಿದ್ದನ್ನು ಓದಿದ ಹಾಗೆಯೇ, ಕರಕರವನ್ನೂ ಸೇರಿಸಿ, ಒಂದು ಮೂಲಪ್ರತಿಯಾಗಿ ಎರಡು ಬೇರೆ ಬೇರೆ ಕಡೆ ಇಡಬೇಕು. ಶುದ್ಧ ಮಾಡುವುದು ಅದರ ನಕಲಿನ ಮೇಲೆ. ಲೇಬಲ್ಲಿನ ಎರಡೂ ಬದಿಯ ಚಿತ್ರ, ಒಳ ಅಂಚಿನಲ್ಲಿ ಕೊರೆದಿರುವ ಸಂಖ್ಯೆ, ಬಳಸಿದ ಮುಳ್ಳು, ವೇಗ ಇವನ್ನೂ ಬರೆದಿಡಬೇಕು. ವೇಗ ಏಕೆಂದರೆ, 78 ಎಂದು ಕರೆದರೂ ಮೊದಮೊದಲ ತಟ್ಟೆಗಳೆಲ್ಲ ಅದೇ ವೇಗದಲ್ಲಿ ಕೆತ್ತಿದವಲ್ಲ. ಹಾರ್ಮೋನಿಯಂ ಇದ್ದರೆ ಅದರ ಶ್ರುತಿಗೆ ತಾಳೆ ಹಾಕಿ ನೋಡುವುದುಂಟು.

ಕೆಲಸ ಮುಗಿಯಿತೆಂದು ತಟ್ಟೆಗಳನ್ನು ಗುಜರಿಗೆ ಹಾಕುವವರೂ ಇದ್ದಾರೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು ಮುಳ್ಳನ್ನೇ ತಾಗಿಸದೆ, ಗೀರಿನ ಸೂಕ್ಷ್ಮ ಚಿತ್ರ ತೆಗೆದು ಅದರಿಂದ ಧ್ವನಿ ಹೊರಡಿಸುವ ವಿಧಾನವನ್ನು ಈಗಾಗಲೇ ರೂಪಿಸಿದ್ದಾರೆ. ಮುಳ್ಳಿಡಲು ಬಾರದ, ಒಡೆದ ತಟ್ಟೆಯನ್ನೂ ಅದು ಓದಬಲ್ಲದು. ತೊಳೆದು ಒಣಗಿಸಿದ ತಟ್ಟೆಯನ್ನು ಹೊಸ ಲಕೋಟೆಯಲ್ಲಿ ಹಾಕಿ, ಒಂದರ ಮೇಲೊಂದು ಪೇರಿಸದೆ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿಡಬೇಕು. ಅಟ್ಟದ ಮೇಲಲ್ಲ, ಹೆಂಚಿನ ಕಾವು ತಟ್ಟೆಗೆ ಆಗದು.