ಮನೆ ಬದಲಿಸುವಾಗ ಮರೆಯಬಾರದ ಗಂಟು

(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶತಮಾನೋತ್ಸವದ ಭಾಷಣವೆಂದರೆ ಶಾಲೆಯ ಚರಿತ್ರೆಯನ್ನು ಹೇಳಬೇಕೆಂಬ ನಿರೀಕ್ಷೆಯಿರುತ್ತದೆ. ಆ ಕಾರ್ಯವನ್ನು ನನಗಿಂತ ಮೊದಲು ಮಾತನಾಡಿದ ಹಿರಿಯರು ಸಮರ್ಥವಾಗಿ ನೆರವೇರಿಸಿದ್ದಾರೆ. ನಾನು ಎರಡು ಸಾಧಾರಣ ಸಂಗತಿಗಳನ್ನು ಕುರಿತು ಮಾತನಾಡಲು ಬಯಸುತ್ತೇನೆ. ಒಂದು, ಮನೆ ಬದಲಿಸುವುದು. ಇನ್ನೊಂದು, ಕಾರ್ತಿಕ ಕಳೆಯುವ ಹೊತ್ತಿಗೆ ಕಾಡಂಚಿನಲ್ಲಿ ನಡೆಯುವುದು. ಇವೆರಡಕ್ಕೂ ಈ ಶಾಲೆಯ ಮುಂದಿನ ದಿನಗಳಿಗೂ ನೇರ ಸಂಬಂಧವಿದೆಯೆಂಬುದು ನನ್ನ ನಂಬಿಕೆ.

ತಾಳವಾಡಿ ಸೀಮೆಯ ನಾವು ಹೊಸಿಲು ದಾಟದೆಯೇ ವಿಳಾಸ ಬದಲಾದವರು. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯಲ್ಲಿದ್ದ ನೆರೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ನಾವು ಮದ್ರಾಸು ರಾಜ್ಯದಲ್ಲಿಯೇ ಉಳಿದೆವು. 1969ರಲ್ಲಿ ಆ ರಾಜ್ಯ ತಮಿಳುನಾಡಾಯಿತು. 1979ರಲ್ಲಿ ನಮ್ಮ ಜಿಲ್ಲೆ ಬೇರೆಯಾಯಿತು, ಮುಂದೆ ಈರೋಡೆಂಬ ಹೆಸರು ಪಡೆಯಿತು. ಇಷ್ಟೆಲ್ಲ ನಡೆದರೂ ಜಗುಲಿ ಇದ್ದಲ್ಲಿಯೇ ಇತ್ತು. ಜಗುಲಿಯ ಮೇಲಿನ ಮಾತೂ ಇದ್ದಂತೆಯೇ ಇತ್ತು. ಮನೆ ಅಲುಗದಿದ್ದುದರಿಂದ ಮಾತು ಉಳಿಯಿತು.

ಇಂದು ಗಡಿ ಸುಮ್ಮನೆ ನಿಂತಿದೆ, ಮನೆಗಳು ಹೊರಟಿವೆ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ, ಕೊಯಮತ್ತೂರಿಗೆ, ಮೈಸೂರಿಗೆ, ಬೆಂಗಳೂರಿಗೆ ನಮ್ಮ ಕುಟುಂಬಗಳು ಹೋಗುತ್ತಿವೆ. ಹೋಗುವುದು ತಪ್ಪಲ್ಲ. ಮಳೆ ಕೈಕೊಟ್ಟ ವರ್ಷ, ಕೋಸು ಆಲೂಗಡ್ಡೆಗೆ ಬೆಲೆ ಬಾರದ ವರ್ಷ ಒಲೆ ಉರಿಯಬೇಕಾದರೆ ಹೊರಡಲೇಬೇಕು. ಆದರೆ ಹೊರಡುವ ಕಾಲವನ್ನು ಗಮನಿಸಿ. ಆಷಾಢದಲ್ಲಿ ಮನೆ ಬದಲಿಸುವಂತಿಲ್ಲ, ಧನುರ್ಮಾಸದಲ್ಲಿಯೂ ಕೂಡದು. ಗುಮಟಾಪುರದ ಗೊರೆಹಬ್ಬ ಮುಗಿದ ಮೇಲೆ, ಕಾರ್ತಿಕದಲ್ಲಿ ಒಳ್ಳೆಯ ದಿನ ನೋಡಿ ಸಾಮಾನು ಕಟ್ಟುತ್ತಾರೆ. ಪಂಚಾಂಗಕ್ಕೆ ಅದು ಶುಭ ಕಾಲ. ಶಾಲೆಗೆ ಅದು ವರ್ಷದ ನಡುಮಧ್ಯ. ಅರ್ಧ ಓದಿದ ಪುಸ್ತಕ, ಅರ್ಧ ಕಲಿತ ಒತ್ತಕ್ಷರಗಳೊಂದಿಗೆ ಮಗು ಗಾಡಿ ಹತ್ತುತ್ತದೆ.

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ನಮ್ಮ ಹಿರಿಯರು 'ಮನೆ ಬದಲಿಸಿ ನೋಡು' ಎಂಬುದನ್ನೂ ಸೇರಿಸಬಹುದಿತ್ತು. ಈಚೆಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಕುಟುಂಬ ತಿರುಪ್ಪೂರಿನಿಂದ ಊರಿಗೆ ಮರಳಿತು. 2022ರ ಫೆಬ್ರವರಿಯಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದು ನಿಮಗೆ ತಿಳಿದೇ ಇದೆ. ಲಾರಿಗೆ ಸಾಮಾನು ಏರಿಸುವಲ್ಲಿ ತಡವಾಗಿ, ಬಣ್ಣಾರಿಯನ್ನು ತಲುಪುವಷ್ಟರಲ್ಲಿ ಕತ್ತಲಾಯಿತು, ಗೇಟು ಮುಚ್ಚಿತು. ಬೀರು, ಮಿಕ್ಸಿ, ತುಳಸಿ ಕುಂಡ, ಇಬ್ಬರು ಮಕ್ಕಳು ಸಹಿತ ಸಂಸಾರ ಅಲ್ಲಿಯೇ ರಾತ್ರಿ ಕಳೆಯಿತು. ಹೊಸಮನೆಯಲ್ಲಿ ಉಕ್ಕಿಸಬೇಕಾಗಿದ್ದ ಹಾಲು ಕೈಚೀಲದಲ್ಲಿಯೇ ಒಡೆದುಹೋಯಿತು. ಬೆಳಿಗ್ಗೆ 27 ತಿರುವುಗಳನ್ನು ಹತ್ತಿ ಮೇಲೆ ಬಂದಾಗ ಬೀರುವಿನ ಕನ್ನಡಿಯೂ ಬಿರುಕು ಬಿಟ್ಟಿತ್ತು. ಆ ತಾಯಿ ನನ್ನಲ್ಲಿ ನಗುತ್ತಲೇ ಹೇಳಿದರು: "ಟೀಚರ್, ಹಾಲು ಹೋಯ್ತು, ಕನ್ನಡಿ ಹೋಯ್ತು, ಮಕ್ಕಳ ಟಿ.ಸಿ. ಮಾತ್ರ ಸೆರಗಿನಲ್ಲೇ ಇತ್ತು." ಇಂಥ ತಾಯಂದಿರಿಂದಲೇ ಶಾಲೆಗಳು ಉಳಿಯುತ್ತವೆ.

ನನ್ನ ತಂದೆ ಇದೇ ಸೀಮೆಯ ಪ್ರಾಥಮಿಕ ಶಾಲೆಗಳಲ್ಲಿ ಉಪಾಧ್ಯಾಯರಾಗಿದ್ದರು. ವರ್ಗಾವಣೆಯ ಆದೇಶ ಬಂದಾಗಲೆಲ್ಲ ಬಾಗಿಲಿಗೆ ಎತ್ತಿನ ಗಾಡಿ ಬರುತ್ತಿತ್ತು. ನಾನು ಐದನೆಯ ತರಗತಿ ಮುಗಿಸುವಷ್ಟರಲ್ಲಿ ನಾಲ್ಕು ಮನೆಗಳನ್ನು ಕಂಡಿದ್ದೆ. ಒಮ್ಮೆ ಗಾಡಿಯಲ್ಲಿ ಕುಳಿತವರು ನನ್ನ ತಮ್ಮ ನಡೆದು ಬರುವವರ ಜೊತೆಗಿದ್ದಾನೆಂದು ತಿಳಿದರು. ನಡೆದು ಬರುವವರು ಅವನು ಗಾಡಿಯಲ್ಲಿ ಮಲಗಿದ್ದಾನೆಂದು ತಿಳಿದರು. ಅವನಾದರೋ ಬಿಟ್ಟುಬಂದ ಮನೆಯ ನೆರೆಯಲ್ಲಿ ಅವರೆಕಾಳಿನ ಸಾರಿನೊಂದಿಗೆ ಮುದ್ದೆ ನುಂಗುತ್ತಿದ್ದ. ಅಪ್ಪ ಹಿಂದಿರುಗಿ ಹೋಗಿ ಹೊತ್ತುಕೊಂಡು ಬಂದಾಗ, "ನೀವೆಲ್ಲಾ ಎಲ್ಲಿಗ್ ಹೋಗಿದ್ರಿ?" ಎಂದು ಅವನೇ ನಮ್ಮನ್ನು ಗದರಿಸಿದ.

ನಗುವಂಥ ಅವಘಡ ಅದು. ನಗಲಾಗದ ಇನ್ನೊಂದೂ ಇತ್ತು. ಮತ್ತೊಂದು ಬಾರಿ ಸಾಮಾನು ಕಟ್ಟಲು ಬಂದ ನೆಂಟರು ಹಿತ್ತಾಳೆಯ ದೀಪ, ಚೊಂಬುಗಳನ್ನು ಸುತ್ತಲು ಹಳೆಯ ಕಾಗದ ಹುಡುಕಿದರು. ಕೈಗೆ ಸಿಕ್ಕಿದ್ದು ಅವ್ವನ ನೋಟುಪುಸ್ತಕ. ಆಕೆ ತನ್ನ ತವರಿನ ಸೋಬಾನೆ ಪದಗಳನ್ನು ವರ್ಷಗಟ್ಟಲೆ ಅದರಲ್ಲಿ ಬರೆದಿಟ್ಟಿದ್ದಳು. ದಾರಿಯಲ್ಲಿ ಹಿಂಗಾರು ಮಳೆ ಸುರಿಯಿತು. ಹೊಸಮನೆಯಲ್ಲಿ ದೀಪದ ಕಟ್ಟು ಬಿಚ್ಚಿದಾಗ ಪದಗಳೆಲ್ಲ ನೀಲಿ ಕಲೆಗಳಾಗಿ ಹಿತ್ತಾಳೆಗೆ ಅಂಟಿದ್ದವು. ಅವ್ವ ಯಾರನ್ನೂ ಬೈಯಲಿಲ್ಲ. ಅಂದು ರಾತ್ರಿ ಊಟವನ್ನೂ ಮಾಡಲಿಲ್ಲ.

ಕಳೆದುಹೋದ ಪದಗಳು ಮರಳಿ ಬಂದದ್ದು ಕಾಡಂಚಿನ ದಾರಿಯಲ್ಲಿ. ಪೆನ್ಸಿಲು ಹಿಡಿದು ಕುಳಿತರೆ ಅವ್ವನಿಗೆ ಒಂದೂ ನೆನಪಿಗೆ ಬರುತ್ತಿರಲಿಲ್ಲ. ಸೌದೆಗೆಂದು ನಡೆಯತೊಡಗಿದರೆ ಹೆಜ್ಜೆಯ ಗತಿಗೆ ಸರಿಯಾಗಿ ಒಂದೊಂದೇ ನುಡಿ ಬಾಯಿಗೆ ಬರುತ್ತಿತ್ತು. ಬೇವಿನ ಮರದವರೆಗೆ ಹಸೆಯ ಪದ, ಹಳ್ಳ ದಾಟಿದ ಮೇಲೆ ಹೆಣ್ಣೊಪ್ಪಿಸುವ ಪದ. ಮನೆಗೆ ಬಂದೊಡನೆ ನನ್ನ ಅಕ್ಕ ಬರೆದುಕೊಳ್ಳುತ್ತಿದ್ದಳು. ಎಲ್ಲವೂ ಬರಲಿಲ್ಲ, ಬಂದಷ್ಟು ಇಂದಿಗೂ ನಮ್ಮ ಮನೆಯಲ್ಲಿದೆ.

ಅಧ್ಯಾಪಕಿಯಾಗಿ ನನಗೆ ಇದರಲ್ಲಿ ಎರಡು ಪಾಠಗಳು ಕಾಣುತ್ತವೆ. ಮನೆ ಬದಲಿಸುವಾಗ ಭಾರವಾದ ವಸ್ತುಗಳನ್ನು ಯಾರೂ ಮರೆಯುವುದಿಲ್ಲ. ಹಗುರವಾದವು, ಬೆಲೆ ಬರೆಯದಿರುವವು ಹಳೆಯ ಕಾಗದದ ರಾಶಿಗೆ ಸೇರುತ್ತವೆ. ಮಾತು ಅಂಥದ್ದು. ಆದರೆ ಮಾತು ಕಾಗದದಲ್ಲಿ ಮಾತ್ರ ಇರುವುದಿಲ್ಲ. ಬಾಯಲ್ಲಿಯೂ ನಡೆಯುವ ದಾರಿಯಲ್ಲಿಯೂ ಇರುತ್ತದೆ. ನಮ್ಮ ಗಾಜನೂರಿನ ಡಾ. ರಾಜ್‌ಕುಮಾರ್ ಅವರನ್ನೇ ನೆನೆಯಿರಿ. ಬಾಲ್ಯದಲ್ಲಿಯೇ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಬೆನ್ನಿಗೆ ನಾಟಕ ಕಂಪನಿಯೊಂದಿಗೆ ಊರೂರು ಅಲೆದವರು ಅವರು. ಶಾಲೆಯ ಓದು ಬಹುಕಾಲ ನಡೆಯಲಿಲ್ಲ. ಆದರೂ ಅವರ ಕನ್ನಡ ಕೆಡಲಿಲ್ಲ, ಏಕೆಂದರೆ ಅದು ದಿನವೂ ಗಟ್ಟಿಯಾಗಿ ಆಡಿದ ಮಾತಾಗಿತ್ತು.

ಈಗ ಕಾಡಿನ ಮಾತಿಗೆ ಬರುತ್ತೇನೆ. ನಮ್ಮ ಮಕ್ಕಳು ಓದುವ ಇಂಗ್ಲಿಷ್ ಪದ್ಯಗಳಲ್ಲಿ ಶರತ್ಕಾಲವೆಂದರೆ ಎಲೆ ಉದುರುವ ಕಾಲ. ನಮ್ಮ ಕಾಡಿನ ಲೆಕ್ಕ ಬೇರೆ. ಆಶ್ವಯುಜ, ಕಾರ್ತಿಕಗಳು ಇಲ್ಲಿ ಹಿಂಗಾರಿನ ತಿಂಗಳುಗಳು. ಕಾರ್ತಿಕದ ಕೊನೆಗೆ ನೆಲ ಇನ್ನೂ ತೇವವಾಗಿರುತ್ತದೆ, ಹುಲ್ಲು ಎದೆಯೆತ್ತರ ಬೆಳೆದು ತೆನೆಯ ತುದಿಯಲ್ಲಿ ಹೊಂಬಣ್ಣಕ್ಕೆ ತಿರುಗುತ್ತದೆ. ಹೊಲದಲ್ಲಿ ಹುಚ್ಚೆಳ್ಳು ಹಳದಿಯಾಗಿ ಹೂಬಿಟ್ಟಿರುತ್ತದೆ, ರಾಗಿ ಕಾಯುವವರು ಆನೆಗಾಗಿ ಅಟ್ಟಣೆಯ ಮೇಲೆ ಎಚ್ಚರವಿರುತ್ತಾರೆ. ನೆಲ್ಲಿಯ ಕೊಂಬೆಗಳಲ್ಲಿ ಕಾಯಿ ತುಂಬುತ್ತದೆ. ಎಲೆ ಉದುರುವುದು ಆಮೇಲೆ, ಹೇಮಂತ ಕಳೆದು ಶಿಶಿರ ಬಂದಾಗ. ದಿಂಡಿಗ, ಮತ್ತಿ, ತೇಗಗಳು ಆಗ ಬರಿದಾಗುತ್ತವೆ.

ಆದರೆ ಮರ ಎಲೆಯನ್ನು ಸುಮ್ಮನೆ ಎಸೆಯುವುದಿಲ್ಲ. ಉದುರಿಸುವ ಮುನ್ನ ಎಲೆಯಲ್ಲಿರುವ ಪತ್ರಹರಿತ್ತನ್ನು ಒಡೆದು, ಸಾರಜನಕವೇ ಮೊದಲಾದ ಸಾರವನ್ನು ಕಾಂಡಕ್ಕೆ ಹಿಂತೆಗೆದುಕೊಳ್ಳುತ್ತದೆ. ಹಸಿರು ಹೋಗಿ ಹಳದಿ ಕಾಣುವುದು ಆ ಕಾರಣದಿಂದ. ಬಳಿಕ ತೊಟ್ಟಿನ ಬುಡದಲ್ಲಿ ತೆಳುವಾದ ಪದರವೊಂದು ಬೆಳೆದು ಎಲೆ ಕಳಚುತ್ತದೆ. ಬೇಕಾದುದನ್ನು ಒಳಗಿಟ್ಟುಕೊಂಡು ಬೇಡವಾದುದನ್ನು ಬಿಡುವುದು ಮರದ ಕ್ರಮ. ಸಾಮಾನು ಕಟ್ಟುವ ವಿದ್ಯೆಯನ್ನು ನಾವು ಮರದಿಂದ ಕಲಿಯಬೇಕು.

ಸತ್ಯಮಂಗಲದ ಕಾಡು 2008ರಲ್ಲಿ ವನ್ಯಜೀವಿಧಾಮವಾಯಿತು, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ನಮ್ಮ ತಾಯಂದಿರು ಸೌದೆಗೆ ನಡೆದ ದಾರಿಗಳಲ್ಲಿ ನಾವು ಮನಬಂದಂತೆ ನಡೆಯುವಂತಿಲ್ಲ. ಅದು ನ್ಯಾಯವೇ. ಆದ್ದರಿಂದ ಶಾಲೆಯ ಮಕ್ಕಳನ್ನು ಅರಣ್ಯ ಇಲಾಖೆಯ ಅನುಮತಿ ಪಡೆದು, ಹಗಲಿನಲ್ಲಿ, ಸಿಬ್ಬಂದಿಯ ಜೊತೆಯಲ್ಲಿ, ಕಾಡಿನ ಅಂಚಿನಲ್ಲಿ ಮಾತ್ರ ಕರೆದೊಯ್ಯುತ್ತೇವೆ. ಸೋಲಿಗ ಹಿರಿಯರು ಅಂದು ನಮ್ಮ ಅಧ್ಯಾಪಕರು. ಅವರು ತೊಗಟೆ ಮುಟ್ಟಿ, ಎಲೆ ಮೂಸಿ ಹೆಸರು ಹೇಳುತ್ತಾರೆ; ಮಕ್ಕಳು ಅದನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆದುಕೊಳ್ಳುತ್ತಾರೆ.

ಹಾಗೆ ಬರೆಯುವಾಗ ಮಕ್ಕಳ ಕಣ್ಣು ಅರಳುವುದನ್ನು ನೀವು ನೋಡಬೇಕು. ನಮ್ಮ ಬೇವು ಅವರ ವೇಂಬು, ನಮ್ಮ ಬಾಳೆ ಅವರ ವಾಳೈ. ನಮ್ಮ ಹುಲಿ ಪುಲಿ, ಹಾವು ಪಾಂಬು, ಹಾಲು ಪಾಲ್. ನೆಲ್ಲಿಯಂತೂ ಎರಡರಲ್ಲಿಯೂ ನೆಲ್ಲಿಯೇ. ಹಳೆಗನ್ನಡದಲ್ಲಿ ನಾವೂ ಪುಲಿ, ಪಾಲ್ ಎಂದೇ ಹೇಳುತ್ತಿದ್ದೆವು, ಕಾಲಕ್ರಮದಲ್ಲಿ ಪಕಾರ ಹಕಾರವಾಯಿತು ಎಂದು ವಿವರಿಸಿದರೆ, "ಹಾಗಾದ್ರೆ ಎರಡೂ ಅಕ್ಕತಂಗಿಯರೇ ಟೀಚರ್?" ಎಂದು ಮಗುವೊಂದು ಕೇಳುತ್ತದೆ. ಅಕ್ಕತಂಗಿಯರೇ. 2006ರ ಕಾಯಿದೆಯ ಬಳಿಕ ತಮಿಳು ಕಲಿಕೆಯ ಕುರಿತು ಪಾಲಕರಲ್ಲಿ ಆತಂಕ ಮೂಡಿದ್ದುಂಟು. ತಮಿಳನ್ನು ಚೆನ್ನಾಗಿ ಕಲಿಯೋಣ. ನಾವು ಬಾಳುವ ನಾಡಿನ ಭಾಷೆ ಅದು. ಒಬ್ಬಳನ್ನು ಮನೆಗೆ ಕರೆಯಲು ಇನ್ನೊಬ್ಬಳನ್ನು ಹೊರಗೆ ಕಳಿಸಬೇಕಾಗಿಲ್ಲ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ ವಿಧಿಯದು. ಕಾನೂನು ಕಟ್ಟಡವನ್ನೂ ಅಧ್ಯಾಪಕರನ್ನೂ ಕೊಡಬಹುದು. ಬೆಂಚಿನ ಮೇಲೆ ಕುಳಿತುಕೊಳ್ಳುವ ಮಗುವನ್ನು ಕೊಡಬೇಕಾದವರು ನೀವು. ನೂರು ವರ್ಷ ತುಂಬಿದ ಶಾಲೆಯೂ ಮಕ್ಕಳಿಲ್ಲದಿದ್ದರೆ ಒಂದೇ ಜೂನ್ ತಿಂಗಳಲ್ಲಿ ಮುಚ್ಚಿಹೋಗುತ್ತದೆ.

ಆದುದರಿಂದ ನಿಮ್ಮಲ್ಲಿ ನನ್ನ ವಿನಂತಿಗಳಿಷ್ಟು. ಸಾಧ್ಯವಿದ್ದಲ್ಲಿ ಪರೀಕ್ಷೆ ಮುಗಿಯುವವರೆಗೆ ಮಗುವನ್ನು ಅಜ್ಜಿಯ ಮನೆಯಲ್ಲಿಯಾದರೂ ಉಳಿಸಿ. ಏಪ್ರಿಲ್ ತಿಂಗಳಿನಲ್ಲಿಯೂ ಒಳ್ಳೆಯ ದಿನಗಳಿವೆ. ಹೊರಡಲೇಬೇಕಾದರೆ ನಾಲ್ಕು ದಿನ ಮೊದಲು ಶಾಲೆಗೆ ತಿಳಿಸಿ, ಟಿ.ಸಿ., ಜನನ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರಗಳ ಜೊತೆಗೆ ಆ ವರ್ಷದ ಕನ್ನಡ ಪುಸ್ತಕವನ್ನೂ ಕೈಚೀಲದಲ್ಲಿಡಿ, ಲಾರಿಗೆ ಹಾಕಬೇಡಿ. ಹೋದ ಊರಿನಲ್ಲಿ ಕನ್ನಡ ಶಾಲೆ ಇಲ್ಲದಿದ್ದರೆ ವಾರಕ್ಕೊಮ್ಮೆ ಅಜ್ಜ ಅಜ್ಜಿಯರಿಗೆ ಮಗುವಿನ ಕೈಯಿಂದ ಒಂದು ಪತ್ರ ಬರೆಸಿ. ಫೋನಿನ ಮಾತು ಕಿವಿಯನ್ನು ಉಳಿಸುತ್ತದೆ, ಪತ್ರ ಕೈಯನ್ನು ಉಳಿಸುತ್ತದೆ. ರಜೆಗೆ ಬಂದಾಗ ಹೊಲದ ಬದುವಿನ ಮೇಲೆ ಮಗುವಿನೊಂದಿಗೆ ನಡೆಯಿರಿ. ನಡೆಯುತ್ತ ಮರದ ಹೆಸರು, ಹುಳುವಿನ ಹೆಸರು, ಹಳ್ಳದ ಹೆಸರು ಹೇಳಿ.

ಅಧ್ಯಾಪಕ ಬಂಧುಗಳಲ್ಲಿಯೂ ಒಂದು ಮಾತು. ನಡುವರ್ಷದಲ್ಲಿ ಹೊರಟ ಮಗುವಿನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಹೊಡೆದುಹಾಕುವುದರೊಂದಿಗೆ ನಮ್ಮ ಕರ್ತವ್ಯ ಮುಗಿಯಬಾರದು. ಆ ಮಗು ಯಾವ ಊರಿಗೆ, ಯಾವ ಶಾಲೆಗೆ ಸೇರಿತೆಂದು ವಿಚಾರಿಸೋಣ. ಹಳೆಯ ವಿದ್ಯಾರ್ಥಿಗಳು ತಿರುಪ್ಪೂರಿನಲ್ಲಿಯೂ ಕೊಯಮತ್ತೂರಿನಲ್ಲಿಯೂ ಇದ್ದೀರಿ. ಹೊಸದಾಗಿ ಬಂದ ನಮ್ಮ ಸಂಸಾರಕ್ಕೆ ಒಂದು ಹೊತ್ತಿನ ಊಟದೊಂದಿಗೆ ಒಂದು ಕನ್ನಡ ಕಥೆಪುಸ್ತಕವನ್ನೂ ಕೊಡಿ. ಬರುವ ಕಾರ್ತಿಕದ ನಡಿಗೆಗೆ ನೀವೆಲ್ಲರೂ ಮಕ್ಕಳೊಂದಿಗೆ ಬನ್ನಿ. ನಿಮ್ಮ ತಾಯಂದಿರ ಬಾಯಲ್ಲಿದ್ದ ಹೆಸರುಗಳು ನಮ್ಮ ಮರಗಳ ದಾಖಲೆಯಲ್ಲಿ ಇನ್ನೂ ಸೇರಬೇಕಾಗಿವೆ.