ನನ್ನ ಮಣ್ಣಿಗಂತ ಇಟ್ಟದ್ದು



ನಮ್ಮ ಅಜ್ಜಿಯ ಟ್ರಂಕಿನ ತಳದಲ್ಲಿ ಒಂದು ಇಳಕಲ್ ಸೀರೆ ಇತ್ತು. ಮಡಿಕೆ ಬಿಚ್ಚದ ಸೀರೆ, ನಡುವೆ ನುಸಿಗುಳಿಗೆ, ಸೆರಗಿನ ತುದಿಯ ಗಂಟಿನಲ್ಲಿ ಒಂದಿಷ್ಟು ನೋಟು. ಯಾರಾದರೂ ಮುಟ್ಟಿದರೆ, "ತೆಗೀಬ್ಯಾಡ್ರೆವಾ, ನನ್ನ ಮಣ್ಣಿಗಂತ ಇಟ್ಟದ್ದು" ಅನ್ನುತ್ತಿದ್ದಳು. ಹೊಲದಲ್ಲಿ ಯಾವ ಬದುವಿನ ಹತ್ತಿರ, ಅಜ್ಜನ ಯಾವ ಮಗ್ಗುಲಿಗೆ ಹೂಳಬೇಕು ಎಂಬುದನ್ನೂ ಬೆರಳು ಮಾಡಿ ತೋರಿಸಿದ್ದಳು. ಆಕೆ ತೀರಿಕೊಂಡ ದಿನ ಮನೆಯಲ್ಲಿ ಅಳು ಇತ್ತು, ಗೊಂದಲ ಇರಲಿಲ್ಲ.

ಈಗ ನಾವು ಇಂಥ ಮಾತೆತ್ತಿದರೆ ಸಾಕು, "ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸುತ್ತಾರೆ. ಆ ಹೊತ್ತು ಬಂದಾಗ ಸುಡಬೇಕೋ ಹೂಳಬೇಕೋ, ಊರಿಗೆ ಒಯ್ಯಬೇಕೋ ಬೇಡವೋ ಎಂದು ಅಣ್ಣತಮ್ಮಂದಿರು ಅಂಗಳದಲ್ಲೇ ಜಗಳಕ್ಕೆ ನಿಲ್ಲುತ್ತಾರೆ.

ಮೊದಲೇ ಹೇಳಿಟ್ಟರೆ ಹೀಗಾಗಬೇಕಿಲ್ಲ. ನಾಟಕಕಾರ ಗಿರೀಶ ಕಾರ್ನಾಡರು 2019ರ ಜೂನ್ 10ರಂದು ತೀರಿಕೊಂಡರು. ಜ್ಞಾನಪೀಠ ಪಡೆದವರು, ಸರ್ಕಾರಿ ಗೌರವ ಸಲ್ಲುವುದೇ ರೂಢಿ. ಆದರೆ ಅದು ಬೇಡ, ಮೆರವಣಿಗೆ ಬೇಡ, ವಿಧಿಗಳೂ ಬೇಡ ಎಂಬುದು ಅವರ ಇಚ್ಛೆಯಾಗಿತ್ತು. ಮನೆಯವರಿಗೆ ಅದು ಗೊತ್ತಿತ್ತು, ಅವರು ಗಟ್ಟಿಯಾಗಿ ನಿಂತರು. ಅದೇ ದಿನ ಬೆಂಗಳೂರಿನ ಕಲ್ಪಳ್ಳಿಯ ಚಿತಾಗಾರದಲ್ಲಿ ಸರಳವಾಗಿ ಎಲ್ಲ ಮುಗಿಯಿತು.

ಮನೆಯವರಿಗೆ ಗೊತ್ತಿರುವುದು ಯಾಕೆ ಮುಖ್ಯ ಅಂದರೆ, ಹೊಲ-ಮನೆ ಬರೆದಿಟ್ಟ ಹಾಗೆ ದೇಹವನ್ನು ಬರೆದಿಡಲು ಬರುವುದಿಲ್ಲ. ಕಾನೂನಿನ ಕಣ್ಣಲ್ಲಿ ಶವ ಆಸ್ತಿಯಲ್ಲ. ಅಲ್ಲದೆ ಉಯಿಲನ್ನು ಬಿಚ್ಚುವುದೇ ಬಹಳಷ್ಟು ಮನೆಗಳಲ್ಲಿ ತಿಥಿ ಮುಗಿದ ಮೇಲೆ. ಹಾಗಾಗಿ ನಿಮ್ಮ ಇಚ್ಛೆಯನ್ನು ಬೇರೆ ಒಂದು ಹಾಳೆಯಲ್ಲಿ ಬರೆದು, ರೇಷನ್ ಕಾರ್ಡು, ಆಧಾರ್ ಇಡುವ ಜಾಗದಲ್ಲೇ ಇಡಿ. ಇಟ್ಟಿದ್ದೀನಿ ಅಂತ ಇಬ್ಬರಿಗಾದರೂ ಹೇಳಿ.

ದೇಹದಾನಕ್ಕಂತೂ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದ ಫಾರಂಗೆ ಸಹಿ ಹಾಕಿದರೆ ಅರ್ಧ ಕೆಲಸ ಆದಂತೆ. ಉಳಿದರ್ಧ, ಮನೆಯವರು ಫೋನ್ ಮಾಡಿ ದೇಹ ಒಪ್ಪಿಸುವುದು. ಪೋಸ್ಟ್‌ಮಾರ್ಟಂ ಆದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಎರಡನೆಯ ದಾರಿಯನ್ನೂ ಬರೆದಿಡಬೇಕು. ಕಣ್ಣುಗಳಿಗೆ ಇರುವುದು ಹೆಚ್ಚೆಂದರೆ ಆರು ಗಂಟೆ. ನೇತ್ರಭಂಡಾರದವರು ಬರುವ ತನಕ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯನ್ನು ದಿಂಬಿನ ಮೇಲೆ ಸ್ವಲ್ಪ ಎತ್ತರಿಸಬೇಕು. ಅಳುವ ಮನೆಯಲ್ಲಿ ಇದು ಯಾರಿಗೆ ನೆನಪಾಗುತ್ತದೆ? ಮೊದಲೇ ಕೇಳಿಸಿಕೊಂಡವರಿಗೆ.

ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರು ತಮ್ಮ ದೇಹವನ್ನು ಮಗನೇ ಛೇದಿಸಿ ಪಾಠ ಹೇಳಬೇಕೆಂದು ಬಯಸಿದ್ದರು. ಮಗ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದವರು. ತಂದೆ ತೀರಿಕೊಂಡು ಎರಡು ವರ್ಷವಾದ ಮೇಲೆ, 2010ರಲ್ಲಿ, ಕಾಪಿಟ್ಟಿದ್ದ ಆ ದೇಹದ ಮುಂದೆ ನಿಂತು ಅವರು ಶಸ್ತ್ರ ಹಿಡಿದರು. ಆ ಕೈಗೆ ಬಲ ಬಂದದ್ದು ಅಪ್ಪನ ಮಾತಿನಿಂದ ಅಂತ ನನಗೆ ಅನಿಸುತ್ತದೆ.

ಈ ಭಾಷಣ ಬರೆಯುವ ಮುಂಚೆ ನಮ್ಮ ಅವ್ವನನ್ನು ಕೇಳಿದೆ. ಮೆಂತ್ಯೆ ಸೊಪ್ಪು ಸೋಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. "ಕಣ್ಣು ಕೊಟ್ಟುಬಿಡು. ಉಳಿದದ್ದು ನಿಮ್ಮಜ್ಜಿ ಮಗ್ಗಲಕ್ಕ. ಸೀರಿ ಟ್ರಂಕಿನ್ಯಾಗ ಅದ."