ಆರಾಮ ಆಗುವುದೆಂದರೆ



ನಮ್ಮ ಸುರಪುರ ಸೀಮೆಯಲ್ಲಿ ಎದುರಿಗೆ ಸಿಕ್ಕವರನ್ನು ಮೊದಲು ಕೇಳುವ ಮಾತು, "ಆರಾಮ ಅದೀರಿ?" ಜ್ವರ ಬಂದರೂ ಆರಾಮಿಲ್ಲ ಅನ್ನುತ್ತೇವೆ, ಮನಸ್ಸು ಕೆಟ್ಟಿದ್ದರೂ ಆರಾಮಿಲ್ಲ ಅನ್ನುತ್ತೇವೆ. ಈ ಎರಡೂ ನನ್ನ ಪಾಲಿಗೆ ಒಟ್ಟಿಗೇ ಬಂದಿದ್ದ ದಿನಗಳ ಬಗ್ಗೆ ಇವತ್ತು ನಾಲ್ಕು ಮಾತು.

ನಾನು ರಂಗಂಪೇಟೆಯವನು. ನನಗೊಬ್ಬ ಗೆಳೆಯ; ಅವನ ಮನೆ ನಮ್ಮ ಓಣಿಯಲ್ಲೇ, ನಾಲ್ಕು ಮನೆ ಆಚೆ. ಇಬ್ಬರಿಗೂ ಸೇರಿ ಒಂದೇ ಸೈಕಲ್ಲು. ಪರೀಕ್ಷೆ ಹತ್ತಿರ ಬಂದರೆ ಪುಸ್ತಕ ಹಿಡಿದು ಗುಡ್ಡ ಏರಿ, ಟೇಲರ್ ಮಂಜಿಲ್ ಎಂಬ ಹಳೆಯ ಬಂಗಲೆಯ ಕಡೆ ಹೋಗಿ ನೆರಳು ಹುಡುಕಿ ಕೂಡುತ್ತಿದ್ದೆವು. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಜಾರುವ ಕಂಬ ಏರುವುದನ್ನು ನೋಡಲು ಊರಿಗೆ ಊರೇ ನೆರೆಯುತ್ತದೆ. ಗಿಡ್ಡನಾದ ನನ್ನನ್ನು ಅವನು ಹೆಗಲ ಮೇಲೆ ಕೂಡಿಸಿಕೊಂಡು, "ಕಾಣಸ್ತೇನಲೇ?" ಎಂದು ಕೆಳಗಿನಿಂದ ಕೇಳುತ್ತಿದ್ದ. ಅವನ ಕಣ್ಣ ಮುಂದೆ ಬರೀ ಜನರ ಬೆನ್ನು.

ಅಂಥ ನಮ್ಮ ನಡುವೆ ಒಂದು ಚುನಾವಣೆ ಬಂತು. ಅವನು ಒಂದು ಪಕ್ಷ, ನಾನು ಇನ್ನೊಂದು. ಹೋಟೆಲಿನಲ್ಲಿ ಚಾ ಕುಡಿಯುತ್ತ ಶುರುವಾದ ವಾದ ಏರುತ್ತ ಹೋಗಿ, "ನೀ ರೊಕ್ಕಕ್ಕ ಮಾರಿಕೊಂಡೀದಿ" ಅಂದುಬಿಟ್ಟೆ. ಅವನು ಕಪ್ಪು ಕೆಳಗಿಟ್ಟ. ಇಬ್ಬರ ಚಾದ ರೊಕ್ಕ ಕೊಟ್ಟ. ಎದ್ದು ಹೋದ. ಮುಂದೆ ನಾಲ್ಕು ವರ್ಷ ಮಾತಿಲ್ಲ. ಅವನ ಮಗಳ ಮದುವೆಯ ವಾಲಗವನ್ನು ನಾನು ನನ್ನ ಮನೆಯೊಳಗೆ ಕೂತು ಕೇಳಿದೆ. ಆ ಮಾತು ಸುಳ್ಳೆಂದು ಆಡಿದ ಗಳಿಗೆಯಲ್ಲೇ ನನಗೆ ಗೊತ್ತಿತ್ತು. ಅವನ ಪಕ್ಷದ ಮೇಲಿನ ಸಿಟ್ಟನ್ನು ಅವನ ಗುಣದ ಮೇಲೆ ಹಾಕಿದ್ದೆ.

ಆಮೇಲೆ ಬಂತು ಕೆಮ್ಮು. ಎರಡು ವಾರ ದಾಟಿದರೂ ಹೋಗಲಿಲ್ಲ. ಸಂಜೆಯಾದರೆ ಜ್ವರ, ರಾತ್ರಿ ಬೆವರು. ಕಫ ಪರೀಕ್ಷೆಯಲ್ಲಿ ಕ್ಷಯ ಎಂದು ತಿಳಿಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಚಿಕಿತ್ಸೆ ಉಚಿತ, ಗುಳಿಗೆ ಬಿಡದೆ ತಗೊಂಡರೆ ವಾಸಿಯಾಗುತ್ತದೆ. ಆದರೂ ಹೆಸರು ಕೇಳಿದ ಕೂಡಲೇ ಜನ ಬರುವುದು ನಿಂತಿತು. ನಮ್ಮದೇ ಪಕ್ಷದವರು ಫೋನಿನಲ್ಲೇ ವಿಚಾರಿಸಿಕೊಂಡರು.

ಒಂದು ಸಂಜೆ ಅವನು ಬಾಗಿಲಲ್ಲಿ ನಿಂತಿದ್ದ. ಬಟ್ಟೆಯಲ್ಲಿ ಸುತ್ತಿದ ಬಿಸಿ ಜೋಳದ ರೊಟ್ಟಿ, ಡಬ್ಬಿಯಲ್ಲಿ ಹೆಸರುಕಾಳು ಪಲ್ಯ. ಒಳಗೆ ಬಂದವನೇ ಮುಚ್ಚಿದ್ದ ಕಿಟಕಿ ತೆಗೆದ. "ಗಾಳಿ ಬೇಕಲೇ ಇದಕ್ಕ. ಗುಳಿಗಿ ತಗೊಂಡೀ?" ನಾಲ್ಕು ವರ್ಷದ ಮೇಲೆ ಅವನಾಡಿದ ಮೊದಲ ಮಾತು ಅದು. ಮರುದಿನವೂ ಬಂದ.

ಎರಡು ತಿಂಗಳಿಗೆ ಕೆಮ್ಮು ನಿಂತು ಬಾಯಿಗೆ ರುಚಿ ಬಂತು. ಆರಾಮ ಆದೆ, ಇನ್ನು ಗುಳಿಗೆ ಸಾಕು ಅಂದೆ. ಅವನು ಬಿಡಲಿಲ್ಲ: "ಆರು ತಿಂಗಳಂದ್ರ ಆರು ತಿಂಗಳು." ಅವನು ಹೇಳಿದ್ದೇ ಸರಿ. ಮೊದಲ ವಾರಗಳಲ್ಲಿ ಬಹುಪಾಲು ರೋಗಾಣುಗಳು ಸಾಯುತ್ತವೆ, ಅಡಗಿ ಕೂತ ಕೆಲವು ಉಳಿಯುತ್ತವೆ. ನಡುವೆ ಬಿಟ್ಟರೆ ಅವೇ ಮತ್ತೆ ಬೆಳೆದು ಔಷಧಕ್ಕೂ ಬಗ್ಗದಂತೆ ಆಗಬಹುದು.

ಗುಳಿಗೆ ಮುಗಿದ ವಾರ ಇಬ್ಬರೂ ಗುಡ್ಡ ಏರಿದೆವು. ಮೂರು ಕಡೆ ಕೂತು ಉಸಿರು ತಗೊಂಡೆ. ಎದುರಿಗೆ ಟೇಲರ್ ಮಂಜಿಲ್. 1841ರಲ್ಲಿ ಬ್ರಿಟಿಷರ ಅಧಿಕಾರಿಯಾಗಿ ಇಲ್ಲಿಗೆ ಬಂದ ಮೆಡೋಸ್ ಟೇಲರ್, ಬಾಲಕ ರಾಜಾ ವೆಂಕಟಪ್ಪ ನಾಯಕರ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡರು. ಹುಡುಗ ಅವರನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. 1858ರಲ್ಲಿ ಅದೇ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದರು, ಸೆರೆಯಾದರು. ಟೇಲರ್ ಸೆರೆಮನೆಗೆ ಹೋಗಿ ಅವರನ್ನು ಕಂಡರು. ಅಲ್ಲಿಯೂ ರಾಜರ ಬಾಯಲ್ಲಿ ಬಂದದ್ದು 'ಅಪ್ಪಾ' ಎಂಬ ಮಾತೇ ಎಂದು ಟೇಲರ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮರಣದಂಡನೆ ಸೆರೆವಾಸಕ್ಕೆ ಇಳಿಯಿತು, ಆದರೆ ಒಯ್ಯುವ ದಾರಿಯಲ್ಲೇ ಗುಂಡು ತಗಲಿ ರಾಜರು ತೀರಿಕೊಂಡರು. ಅವರ ನಡುವೆ ನಿಂತದ್ದು ಒಂದು ಸಾಮ್ರಾಜ್ಯ. ನಮ್ಮ ನಡುವೆ ನಿಂತದ್ದು ನನ್ನ ಒಂದು ಮಾತು.

"ಅವತ್ತು ಹೋಟೆಲಿನ್ಯಾಗ ನಾ ಅಂದದ್ದು ತಪ್ಪು" ಅಂದೆ. ಆರು ತಿಂಗಳು ದಿನಾ ಎದುರಿಗೆ ಕೂತರೂ ಆ ವಿಷಯ ಇಬ್ಬರೂ ಎತ್ತಿರಲಿಲ್ಲ. ಅವನು ಸುಮ್ಮನಿದ್ದು, "ಭಾಳ ನೋವಾಗಿತ್ತು ನೋಡು" ಅಂದ. ಆ ಮಾತು ಕೇಳಿದ ಮೇಲೆಯೇ ನನಗೆ ಪೂರಾ ಆರಾಮ ಆದದ್ದು. ಕೆಮ್ಮು ನಿಂತ ಮಾತ್ರಕ್ಕೆ ರೋಗ ಹೋಗಿರುವುದಿಲ್ಲ. ಮಾತು ಶುರುವಾದ ಮಾತ್ರಕ್ಕೆ ಮುನಿಸೂ ಹೋಗಿರುವುದಿಲ್ಲ. ಅಡಗಿ ಕೂತದ್ದನ್ನು ಬಾಯಿಬಿಟ್ಟು ಹೇಳಿ ಮುಗಿಸಬೇಕು.

ಕೇಳುಗರೇ, ಪಕ್ಷ ಬೇರೆ ಇರಲಿ, ವಾದವೂ ಇರಲಿ. ವಾದ ಗೆಳೆಯನ ಗುಣಕ್ಕೆ ಕೈ ಹಾಕದಿರಲಿ. ಹಾಕಿದ್ದರೆ, ನಾಲ್ಕು ಮನೆ ಆಚೆಯವರೆಗೆ ಇವತ್ತೇ ನಡೆದು ಹೋಗಿ. ರೋಗ ಬರುವವರೆಗೆ ಕಾಯಬೇಡಿ.

ಆಮೇಲಿನ ಚುನಾವಣೆಯಲ್ಲೂ ನಾವಿಬ್ಬರೂ ಬೇರೆ ಬೇರೆ ಗುರುತಿಗೇ ಓಟು ಹಾಕಿದೆವು. ಹೊರಗೆ ಬಂದು ಅದೇ ಹೋಟೆಲಿನಲ್ಲಿ ಚಾ ಕುಡಿದೆವು. ಈ ಸಲ ರೊಕ್ಕ ನಾನು ಕೊಟ್ಟೆ.